ಅಕ್ಕನನ್ನು ಕಳಿಸುವ ಹಾಡು

ಸೆಪ್ಟೆಂಬರ್ 2, ಬೆಳಗ್ಗೆ

ಹಾಲು ಕರೆದು, ಕ್ಯಾನನ್ನು ರಸ್ತೆಯ ಬದಿಗೆ ಇಟ್ಟು ಕಾಯುತ್ತಾ ಕೂತಿದ್ದೆ. ಲಾರಿ ಇವತ್ತೂ ತಡ. ಕೂತಲ್ಲೇ ಫೋನಿನ ಪಟ್ಟಿಗೆ ಇನ್ನೂ ಕೆಲವು ಹಾಡು ಸೇರಿಸಿದೆ. ಒಂದನ್ನು ತೆಗೆದುಹಾಕಿದೆ — ಅದರ ಗಾಯಕ ನೆಗಡಿಯಾದ ಕುದುರೆಯ ಹಾಗೆ ಹಾಡುತ್ತಾನೆ.

ಜಿಪಾರಕ್ಕನನ್ನು ಗಂಡನ ಮನೆಗೆ ಕಳಿಸುವ ಔತಣ ಈ ತಿಂಗಳ ಕೊನೆಗೆ. ನಮ್ಮ ಅಂಗಳದಲ್ಲೇ. ನಮ್ಮೂರು ಕೋಚ್ಕೋರಿನ ಅರ್ಧ ಜನ ಉಣ್ಣಲು ಬರುತ್ತಾರೆ, ಉಳಿದ ಅರ್ಧ ಯಾಕೆ ಕರೆಯಲಿಲ್ಲ ಎಂದು ಕೇಳಲು ಬರುತ್ತಾರೆ. ಹಾಡುಗಳ ಜವಾಬ್ದಾರಿ ನನ್ನದು. ಅಕ್ಕ ವಹಿಸಿದ್ದಾಳೆ. ನನ್ನ ಫೋನು, ನನ್ನ ಪ್ಲೇಲಿಸ್ಟು, ಪಕ್ಕದ ಮನೆಯ ಸ್ಪೀಕರು. ಸಾಕು.

ಅಮ್ಮನಿಗೆ ಸಾಲದು. ಅವಳಿಗೆ ಡಿಜೆ ಎರ್ನಿಸ್ ಬೇಕು. ಸುತ್ತಲ ಹಳ್ಳಿಗಳಿಗೆಲ್ಲ ಅವನೊಬ್ಬನೇ. ಬೀರುವಿನಷ್ಟು ಎತ್ತರದ ಸ್ಪೀಕರು, ಹೊಗೆ ಬಿಡುವ ಯಂತ್ರ. ಹೋದ ವರ್ಷ ಆ ಹೊಗೆ ನೋಡಿ ಯಾರೋ ಬೆಂಕಿ ಆರಿಸಲು ಮೊಸರಿನ ಪಾತ್ರೆ ಸುರಿದಿದ್ದರು.

"ಡಿಜೆ ಇಲ್ಲದ ಔತಣ ಅಂದ್ರೆ ಉಪ್ಪಿಲ್ಲದ ಸಾರು," ಅಂದಳು ಅಮ್ಮ.

"ಎರ್ನಿಸ್ ಬಂದ್ರೆ ಉಪ್ಪೊಂದೇ ಇರುತ್ತೆ, ಸಾರು ಇರಲ್ಲ," ಅಂದಳು ಅಕ್ಕ.

ಅಪ್ಪ ಎರಡೂ ಸರಿ ಅಂದ. ಅಪ್ಪ ಯಾವಾಗಲೂ ಹಾಗೇ.

ಲಾರಿ ಬಂತು.

ಸೆಪ್ಟೆಂಬರ್ 4

ಅಕ್ಕನ ಭಯ ಏನೆಂದು ಇವತ್ತು ಗೊತ್ತಾಯಿತು. ಹೊಗೆ ಅಲ್ಲ. ಎರ್ನಿಸ್ ಕೊನೆಗೆ ಹಾಕುವ ಅಳುವಿನ ಹಾಡು. ಹುಡುಗಿ ಮನೆ ಬಿಟ್ಟು ಕಾರಿನ ಕಡೆ ನಡೆಯುವಾಗ ಹಾಕುತ್ತಾನೆ. ಮೊದಲು ಗಾಳಿಯ ಸದ್ದು, ಆಮೇಲೆ ಒಬ್ಬಳು ಹೆಂಗಸು ಬಿಕ್ಕುತ್ತಾ ಹಾಡುತ್ತಾಳೆ. ಅವನು ಮೈಕ್ ಹಿಡಿದು ನಡುವೆ ಪಿಸುಗುಟ್ಟುತ್ತಾನೆ: "ತಾಯಿಯ ಎದೆಯಿಂದ ಇವತ್ತು ಒಂದು ಕಲ್ಲು ಕಿತ್ತು ಬಂದಿದೆ..." ಕಲ್ಲು ಕಿತ್ತು ಬಂದರೆ ಒಳ್ಳೆಯದೇ ಅಲ್ಲವೇ? ಯಾರೂ ಕೇಳುವುದಿಲ್ಲ. ಎಲ್ಲರೂ ಅಳುತ್ತಿರುತ್ತಾರೆ.

"ಅದನ್ನ ಹಾಕಿದ್ರೆ ನಾನು ತಿರುಗಿ ನೋಡ್ತೀನಿ ಕಣೇ ಬುರುಲ್," ಅಂದಳು ಅಕ್ಕ. "ನನ್ನ ಕತ್ತು ನನಗೆ ಗೊತ್ತು."

ಹೊರಟ ಹುಡುಗಿ ತಿರುಗಿ ನೋಡಬಾರದು. ತಿರುಗಿ ನೋಡಿದವಳು ತಿರುಗಿ ಬರುತ್ತಾಳೆ ಅನ್ನುತ್ತಾರೆ.

"ನಗ್ತಾ ಹೋಗ್ಬೇಕು ನಾನು. ತಿಲೆಕ್‌ನ ನಾನೇ ಆರಿಸ್ಕೊಂಡಿದ್ದು. ಇಷ್ಟಪಟ್ಟು ಹೋಗೋಳು ಯಾಕೆ ಅಳ್ಬೇಕು?"

ಅಳಬೇಕಾಗಿಲ್ಲ. ನಗಿಸುವ ಹಾಡು ಹಾಕುತ್ತೇನೆ ಅಂತ ಮಾತು ಕೊಟ್ಟೆ.

ಸೆಪ್ಟೆಂಬರ್ 9, ಸಂಜೆ

ಬರೆಯಲೇಬೇಕು. ಬರೆಯದಿದ್ದರೆ ನಾಳೆ ಇದನ್ನು ಬೇರೆ ಥರ ಹೇಳಿಬಿಡುತ್ತೇನೆ.

ಸಗಿನ್‌ಬಾಯ್ ಮಾವನ ಮೊಮ್ಮಗ ನಡೆಯಲು ಶುರು ಮಾಡಿದ್ದಾನೆ. ಕಾಲಿಗೆ ಕಟ್ಟಿದ ಕರಿಬಿಳಿ ದಾರ ಕತ್ತರಿಸುವ ಔತಣ ಇತ್ತು. ಅಲ್ಲಿ ನನ್ನ ಪ್ಲೇಲಿಸ್ಟಿನ ಪರೀಕ್ಷೆ ಆಗಲಿ ಅಂತ ಅಮ್ಮನೇ ಹೇಳಿದಳು. ಮಗು ಬಿತ್ತು, ಎದ್ದಿತು, ದಾರ ಕತ್ತರಿಸಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಆಮೇಲೆ ಮಾವ ಹರಸಲು ಎದ್ದ. ಎಲ್ಲರೂ ಅಂಗೈ ಎತ್ತಿ ಹಿಡಿದರು. ಮಾವ ಕುಡಿಗೆ ಆಯುಸ್ಸು ಕೇಳಿದ, ಕುರಿಗಳಿಗೆ ಆಯುಸ್ಸು ಕೇಳಿದ, ಅಧ್ಯಕ್ಷರಿಗೆ ಬುದ್ಧಿ ಕೇಳಿದ, ಆಮೇಲೆ ಕಾಲುವೆ ನೀರಿನ ವಿಷಯಕ್ಕೆ ಬಂದ. ಹರಸುವುದು ಮುಗಿದು ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡ ಮೇಲೆ ಕುಣಿತದ ಹಾಡು. ಅದು ಕ್ರಮ. ನಾನು ಅದಕ್ಕೆ ಮೊದಲು ಒಂದು ಮೌನದ ತುಣುಕು ಇಟ್ಟಿದ್ದೆ. ಯಾವ ಮನುಷ್ಯನೂ ಅಷ್ಟು ಹೊತ್ತು ಹರಸಲಾರ ಅಂದುಕೊಂಡು ಉದ್ದವಾಗಿಯೇ ಇಟ್ಟಿದ್ದೆ.

ಮಾವನ ಪರಿಚಯ ನನಗೆ ಇರಲಿಲ್ಲ ಅಂತ ಕಾಣುತ್ತದೆ.

ಅವನು "ದೇವರೇ, ನಮ್ಮ ಹಿರಿಯರ ಆತ್ಮಕ್ಕೆ..." ಅನ್ನುವಾಗ ಮೌನ ಮುಗಿಯಿತು. ಢಂ ಢಂ ಢಂ. ಪೂರಾ ದನಿಯಲ್ಲಿ. ಅಂಗಳದ ತುಂಬಾ ಎತ್ತಿದ ಅಂಗೈಗಳು, ನಡುವೆ ಡಿಸ್ಕೋ. ಯಾರಿಗೂ ಕೈ ಇಳಿಸುವ ಧೈರ್ಯವಿಲ್ಲ. ಮಕ್ಕಳು ಕೈ ಎತ್ತಿಕೊಂಡೇ ಕುಣಿಯಲು ಶುರು ಮಾಡಿದರು. ಹಿಂದಿನ ಸಾಲಿನ ಒಬ್ಬ ಮುದುಕ ಕೂಡ. ಅವನಿಗೆ ಕಿವಿ ಮಂದ, ಹೊಸ ಪದ್ಧತಿ ಇರಬೇಕು ಅಂದುಕೊಂಡನಂತೆ. ನಾನು ಫೋನು ಒತ್ತುತ್ತಿದ್ದೇನೆ, ಬೆರಳಿಗೆ ಕುರಿಯ ಕೊಬ್ಬು, ಪರದೆ ಏನನ್ನೂ ಕೇಳುತ್ತಿಲ್ಲ.

ಮಾವ ಮಾತ್ರ ನಿಲ್ಲಿಸಲಿಲ್ಲ. ಹಾಡಿನ ಮೇಲೆ ಕೂಗಿಕೊಂಡೇ ಹಿರಿಯರನ್ನೆಲ್ಲ ಸ್ವರ್ಗ ಮುಟ್ಟಿಸಿದ.

ಆಮೇಲೆ ನನ್ನ ಹತ್ತಿರ ಬಂದು, "ನಿನ್ನ ಫೋನಿಗೆ ನನಗಿಂತ ಅವಸರ ಕಣಮ್ಮ," ಅಂದ. ಇಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 10

ಬೆಳಗಿನ ಚಹಾ ಹೊತ್ತಿಗೆ ಹೇಳಿದೆ. "ಡಿಜೆ ಬೇಕು. ನನ್ನ ಕೈಲಿ ಆಗಲ್ಲ."

ಅಮ್ಮ ಗೆದ್ದ ಮುಖ ಮಾಡದೆ ಇರಲು ಬಹಳ ಕಷ್ಟಪಟ್ಟಳು. ಅಕ್ಕ ಚಹಾ ಬಟ್ಟಲು ಕೆಳಗಿಟ್ಟಳು.

"ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ. ಆಗ ಈ ಕೆಲಸ ನನಗೆ ಬರುತ್ತೆ ಅಂದ್ಕೊಂಡಿದ್ದೆ. ಬರಲ್ಲ."

"ಸುಳ್ಳಾದ್ರೂ ಹೇಳ್ಬಾರ್ದಾ, ಇನ್ನೊಂದ್ಸಲ ನೋಡ್ತೀನಿ ಅಂತ?"

ಹೇಳಲಾಗುವುದಿಲ್ಲ. ಶಾಲೆ ಬಿಟ್ಟದ್ದೂ ಹೀಗೇ. ಅರ್ಥವಾಗದ್ದಕ್ಕೆಲ್ಲ ಅರ್ಥವಾದ ಹಾಗೆ ತಲೆ ಅಲ್ಲಾಡಿಸುತ್ತಾ ಕೂರಲು ಆಗಲಿಲ್ಲ. ಉಳಿದವರಿಗೆ ಅರ್ಥವಾಗುತ್ತಿತ್ತೋ, ಕತ್ತು ಗಟ್ಟಿ ಇತ್ತೋ, ಇನ್ನೂ ತಿಳಿದಿಲ್ಲ.

ಅಕ್ಕ ಇಡೀ ದಿನ ಮಾತಾಡಲಿಲ್ಲ. ಹಸುವಿನ ಹತ್ತಿರ ಮಾತಾಡಿದಳು. ನನಗೆ ಕೇಳಿಸಲಿ ಅಂತ.

ಸೆಪ್ಟೆಂಬರ್ 15

ಎರ್ನಿಸ್ ಮನೆಗೆ ಹೋಗಿದ್ದೆ. ಆಲೂಗಡ್ಡೆ ಅಗೆಯುತ್ತಿದ್ದ. ಡಿಜೆಗಳೂ ಆಲೂಗಡ್ಡೆ ಅಗೆಯುತ್ತಾರೆ. ಒಂದು ಸಾಲು ನಾನೂ ಅಗೆದುಕೊಟ್ಟೆ, ಆಮೇಲೆ ಕೇಳಿದೆ. ಎಲ್ಲ ಹಾಡು ನಿಮ್ಮಿಷ್ಟ, ಕೊನೆಯ ಅಳುವಿನ ಹಾಡೊಂದು ಬೇಡ.

"ತಂಗಿ," ಅಂದ, "ಜನ ನನ್ನನ್ನ ಕರೆಯೋದೇ ಅದಕ್ಕೆ. ಕುಣಿಸೋಕೆ ಯಾವನಾದ್ರೂ ಕುಣಿಸ್ತಾನೆ. ನಿನ್ನ ಫೋನೂ ಕುಣಿಸ್ತು, ಕೇಳ್ದೆ ನಾನು, ಅಂಗೈ ಎತ್ಕೊಂಡು ಕುಣಿದ್ರಂತೆ."

ಊರಿಗೆಲ್ಲ ಗೊತ್ತು.

"ತಾಯಿ ಅತ್ತರೆ ಪಕ್ಕದ ಮನೆ ತಾಯಿ ನನ್ನ ನಂಬರ್ ತಗೋತಾಳೆ. ಅಳದೇ ಹೋದ್ರೆ ಎರ್ನಿಸ್‌ಗೆ ವಯಸ್ಸಾಯ್ತು ಅಂತಾರೆ. ಆದ್ರೂ ನಿಮ್ಮಮ್ಮ ಬೇಡ ಅಂದ್ರೆ ಹಾಕಲ್ಲ. ಅವರನ್ನೇ ಕೇಳು."

ನ್ಯಾಯವಾದ ಮಾತು. ಅವನನ್ನು ಇಷ್ಟಪಡಬಾರದು ಅಂತ ಹೋಗಿದ್ದೆ. ಆಗಲಿಲ್ಲ. ಒಂದು ಬುಟ್ಟಿ ಆಲೂಗಡ್ಡೆ ಕೊಟ್ಟು ಕಳಿಸಿದ.

ಸೆಪ್ಟೆಂಬರ್ 16

ಅಮ್ಮನನ್ನು ಕೇಳಿದೆ. ಅವಳು ಹೊಲಿಯುತ್ತಿದ್ದ ಹಾಸಿಗೆಯಿಂದ ತಲೆ ಎತ್ತಲಿಲ್ಲ.

"ಅಕ್ಕ ಅಳಬಾರ್ದಂತೆ. ಹಾಡು ಬೇಡ್ವಂತೆ."

"ಅವಳು ಅಳದೇ ಇರ್ಲಿ. ನಾನು ಅಳ್ತೀನಿ."

"ಯಾಕಮ್ಮ, ಒಳ್ಳೆ ಹುಡುಗ, ಒಳ್ಳೆ ಮನೆ..."

"ನನ್ನನ್ನ ಯಾರೇ ಕಳಿಸಿಕೊಟ್ರು?" ಸೂಜಿ ನಿಂತಿತು. "ಬಸ್ಸಿಗೆ ಕಾಯ್ತಾ ನಿಂತಿದ್ದೆ. ನಿಮ್ಮಪ್ಪ, ಅವನ ಸ್ನೇಹಿತರು ಕಾರಿಗೆ ಎಳ್ಕೊಂಡು ತಂದ್ರು, ಅದೇ ಮದುವೆ. ನಮ್ಮಮ್ಮಂಗೆ ಮಾರನೇ ದಿನ ಸುದ್ದಿ ಹೋಯ್ತು. ನಿಂತು ಅಳೋಕೆ ಅವಳಿಗೊಂದು ಬಾಗಿಲು ಸಿಗ್ಲಿಲ್ಲ. ನನ್ನ ಮಗಳು ಬಾಗಿಲಿಂದ ಹೊರಡ್ತಾಳೆ. ನಾನು ಆ ಬಾಗಿಲಲ್ಲಿ ನಿಂತ್ಕೊಂಡು, ಊರು ನೋಡೋ ಹಾಗೆ ಅಳ್ತೀನಿ. ಅದಕ್ಕೆ ತಕ್ಕ ಹಾಡು ಇರ್ಬೇಕು."

ಅಪ್ಪ ಮೂಲೆಯಲ್ಲಿ ಕೂತು ಚಾವಟಿ ಹೆಣೆಯುತ್ತಿದ್ದ. ಎದ್ದು, ಕುದುರೆ ನೋಡಿ ಬರುತ್ತೇನೆ ಅಂತ ಹೋದ. ಕುದುರೆ ಮೇಲಿನ ಹುಲ್ಲುಗಾವಲಿನಲ್ಲಿದೆ. ಅಮ್ಮನಿಗೂ ಗೊತ್ತು.

ಅವರು ಇಪ್ಪತ್ತೈದು ವರ್ಷ ಬಾಳಿದ್ದಾರೆ. ಜಗಳ ಕಡಿಮೆ. ಆದರೂ ಆ ಮಾತು ನಮ್ಮ ಮನೆಯಲ್ಲಿ ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಸೆಪ್ಟೆಂಬರ್ 17

ಅಕ್ಕನಿಗೆ ಅಮ್ಮನ ಮಾತು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಸಾಲೆ ಸೇರಿಸಲಿಲ್ಲ, ತೆಗೆಯಲಿಲ್ಲ.

"ಇದನ್ನ ನನಗ್ಯಾಕೆ ಹೇಳ್ದೆ?" ಅಂದಳು.

"ನಿಂಗೂ ಗೊತ್ತಾಗ್ಬೇಕಾಗಿತ್ತು."

"ಈಗ ನಾನು ಏನು ಮಾಡ್ಲಿ?"

ಗೊತ್ತಿಲ್ಲ ಅಂದೆ. ದಿಂಬು ಎಸೆದಳು.

ಸೆಪ್ಟೆಂಬರ್ 27

ಇಷ್ಟು ದಿನ ಬರೆಯಲು ಬಿಡುವಿರಲಿಲ್ಲ. ನೆಲ ಸಾರಿಸಿದ್ದು, ಕಂಬಳಿ ಬಡಿದದ್ದು, ಊರವರ ಮನೆಯಿಂದ ತಟ್ಟೆ ಹೊತ್ತು ತಂದದ್ದು. ಇವತ್ತು ಬೋರ್ಸೋಕ್ ಕರಿದೆವು. ಹಿಟ್ಟಿನ ತುಂಡು ಎಣ್ಣೆಗೆ ಹಾಕುವುದು, ಉಬ್ಬಿದ್ದನ್ನು ಎತ್ತುವುದು, ಮತ್ತೆ ಹಾಕುವುದು. ಮಂಚದ ಮೇಲೆ ಬೆಟ್ಟದ ಹಾಗೆ ಬಿದ್ದಿದೆ. ನಾವು ಎಲ್ಲಿ ಮಲಗುತ್ತೇವೋ ಗೊತ್ತಿಲ್ಲ.

ಅಮ್ಮ, ಅಕ್ಕ ಇಬ್ಬರೂ ಒಂದೇ ಬಾಣಲೆಯ ಎದುರು ಇಡೀ ದಿನ. ಹಾಡಿನ ಮಾತು ಇಬ್ಬರೂ ಎತ್ತಲಿಲ್ಲ. ಒಬ್ಬರಿಗೊಬ್ಬರು ಅತಿಯಾಗಿ ಮರ್ಯಾದೆ ಕೊಡುತ್ತಿದ್ದರು. "ನೀನು ಕೂತ್ಕೋ ಅಮ್ಮ." "ಇಲ್ಲ, ನಿನ್ನ ಕೈ ಸುಡುತ್ತೆ." ನನಗೆ ಭಯವಾಯಿತು. ನಮ್ಮ ಮನೆಯಲ್ಲಿ ಯಾರಾದರೂ ಮರ್ಯಾದೆ ಕೊಟ್ಟರೆ ಏನೋ ಆಗಲಿದೆ ಅಂತ ಅರ್ಥ.

ಸೆಪ್ಟೆಂಬರ್ 28, ಬೆಳಗ್ಗೆ

ಎರ್ನಿಸ್ ಬಂದ. ಸ್ಪೀಕರ್ ಒಂದನ್ನು ಕೋಳಿಗೂಡಿನ ಪಕ್ಕ ಇಟ್ಟಿದ್ದಾನೆ. ಕೋಳಿಗಳು ಇನ್ನು ಮೊಟ್ಟೆ ಇಟ್ಟ ಹಾಗೇ. ತಿಲೆಕ್‌ನ ಕಡೆಯವರು ಅವರ ಊರು ತಲಾಸ್‌ನಿಂದ ಹೊರಟು ದಾರಿಯಲ್ಲಿದ್ದಾರೆ.

ಅಮ್ಮ ಕರೆಯುತ್ತಿದ್ದಾಳೆ.

ಸೆಪ್ಟೆಂಬರ್ 28, ಸಂಜೆ

ಮುಗಿಯಿತು. ಕೈ ತೊಳೆದು ಬಂದು ಕೂತಿದ್ದೇನೆ. ಮರೆಯುವ ಮೊದಲು.

ಎರ್ನಿಸ್ ಚೆನ್ನಾಗಿ ನಡೆಸಿದ. ಇದನ್ನು ಬರೆದುಬಿಡುತ್ತೇನೆ. ಸಗಿನ್‌ಬಾಯ್ ಮಾವ ಹರಸಲು ನಿಂತಾಗ ಅವನು ಯಂತ್ರದಿಂದ ಎರಡೂ ಕೈ ತೆಗೆದು ತಾನೂ ಅಂಗೈ ಎತ್ತಿದ. ಮಾವನನ್ನೇ ನೋಡುತ್ತಿದ್ದ. ಮಾವನ ಬೆರಳು ಗಡ್ಡ ಮುಟ್ಟಿತು, ಹಾಡು ಬಂತು. ಮಾವ ನನ್ನ ಕಡೆ ನೋಡಿ ಕಣ್ಣು ಹೊಡೆದ.

ಹೊರಡುವ ಹೊತ್ತು ಹತ್ತಿರ ಬಂದಾಗ ಎರ್ನಿಸ್ ನನ್ನನ್ನು ಕೈ ಮಾಡಿ ಕರೆದ. ಬೆವರುತ್ತಿದ್ದ.

"ನಿಮ್ಮಕ್ಕ ಬಂದಿದ್ಲು. ಆ ಹಾಡು ಹಾಕಿ ಅಂದ್ಲು, ಅಮ್ಮ ಮನಸಾರೆ ಅಳ್ಲಿ ಅಂತ. ಸರಿ ಅಂದೆ. ಹಿಂದೇನೇ ನಿಮ್ಮಮ್ಮ ಬಂದ್ರು. ಹಾಕ್ಬೇಡಪ್ಪ, ಮಗಳು ನಗ್ತಾ ಹೋಗ್ಲಿ ಅಂದ್ರು. ಅದಕ್ಕೂ ಸರಿ ಅಂದೆ. ಇಬ್ರೂ 'ಅವಳಿಗೆ ಹೇಳ್ಬೇಡ' ಅಂದ್ರು."

"ಈಗ?"

"ಈಗ ನನಗೆ ಹಸಿವು. ನಿನ್ನ ಫೋನು ಸಿಕ್ಕಿಸು, ಇದು ದನಿ ಏರಿಸೋದು, ಇದು ಇಳಿಸೋದು." ಹೋಗಿ ಮಾಂಸದ ತಟ್ಟೆಯ ಮುಂದೆ ನನಗೆ ಬೆನ್ನು ಹಾಕಿ ಕೂತುಬಿಟ್ಟ.

ಯಾವುದನ್ನು ಹಾಕಿದರೂ ಒಬ್ಬಳ ಮಾತು ಮೀರುತ್ತೇನೆ, ಇನ್ನೊಬ್ಬಳ ಮಾತು ನಡೆಸುತ್ತೇನೆ, ಇಬ್ಬರೂ ಮೊದಲು ಕೇಳಿದ್ದನ್ನೇ ಈಗ ತಲೆಕೆಳಗು ಮಾಡಿದ್ದಾರೆ. ಯೋಚಿಸಲು ಹೊತ್ತಿರಲಿಲ್ಲ. ಅಕ್ಕ ಬಿಳಿ ಉಡುಪಿನಲ್ಲಿ ಬಾಗಿಲಿಗೆ ಬಂದಾಗಿತ್ತು. ನನ್ನ ಪಟ್ಟಿಯ ನಗುವಿನ ಹಾಡನ್ನೇ ಹಾಕಿದೆ. ಮೊದಲು ಕೊಟ್ಟ ಮಾತು ಅದು.

ಅಕ್ಕ ನಗುತ್ತಾ ನಡೆದಳು. ಹೆಂಗಸರು ಕುಣಿದರು. ಅಮ್ಮ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ತಾಳ ತಪ್ಪುತ್ತಿತ್ತು. ಕಾರಿನ ಬಾಗಿಲು ತೆರೆದಿತ್ತು. ತಿಲೆಕ್ ಕೈ ಚಾಚಿದ.

ಅಕ್ಕ ನಿಂತಳು.

ತಿರುಗಲಿಲ್ಲ. ಕಾರಿನ ಕಡೆಗೇ ಮುಖ. ಆದರೆ ಹೆಗಲು ಅಲ್ಲಾಡುತ್ತಿತ್ತು. ನಗುತ್ತಿದ್ದಳು ಅಂತ ಬರೆಯಬಹುದು. ನಗುತ್ತಿರಲಿಲ್ಲ.

"ಬುರುಲ್, ಹಾಡು ನಿಲ್ಲಿಸೇ."

ನಿಲ್ಲಿಸಿದೆ.

"ಅಮ್ಮ, ಏನಾದ್ರೂ ಮಾತಾಡು," ಅಂದಳು. ಕಾರಿಗೆ ಹೇಳಿದ ಹಾಗೆ.

ಅಮ್ಮ ಚಪ್ಪಾಳೆಯ ಕೈ ಇಳಿಸಿದಳು. ಈ ಕ್ಷಣಕ್ಕೆ ವರ್ಷಗಟ್ಟಲೆ ಏನೇನು ಕೂಡಿಟ್ಟಿದ್ದಳೋ. ಹೊರಗೆ ಬಂದದ್ದು ಇದು:

"ಹಿಂದಿನ ಸೀಟಲ್ಲಿ ಕೂರ್ಬೇಡ ಕಣೇ ಜಿಪಾರ್. ಘಾಟಿಯಲ್ಲಿ ನಿಂಗೆ ವಾಂತಿ ಬರುತ್ತೆ."

ಮದುಮಗಳು ಹಿಂದಿನ ಸೀಟಿನಲ್ಲಿ, ಗಂಡನ ಪಕ್ಕ ಕೂರಬೇಕು. ತಲಾಸ್‌ನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ನಕ್ಕಳು. ಈ ಸಲ ನಿಜವಾಗಿ, ಮೂಗು ಒರೆಸಿಕೊಂಡು. ಮುಂದಿನ ಬಾಗಿಲು ತಾನೇ ತೆಗೆದು, ಅಲ್ಲಿ ಕೂತಿದ್ದ ತಿಲೆಕ್‌ನ ಗೆಳೆಯನನ್ನು ಎಬ್ಬಿಸಿ, ಉಡುಪನ್ನೆಲ್ಲ ಬಾಚಿಕೊಂಡು ಹತ್ತಿ ಕೂತಳು.

ಕಾರು ಹೊರಟಿತು. ಆಗ ಅಮ್ಮ ಅತ್ತಳು. ಬಾಗಿಲಲ್ಲಿ ನಿಂತು, ದೊಡ್ಡ ದನಿಯಲ್ಲಿ, ಊರೆಲ್ಲ ನೋಡುವ ಹಾಗೆ. ಹಾಡು ಇರಲಿಲ್ಲ. ಅಪ್ಪ ಹೋಗಿ ಅವಳ ಪಕ್ಕ ನಿಂತ. ಅವಳು ಅವನನ್ನು ನೋಡಲಿಲ್ಲ, ದೂರ ಹೋಗು ಅಂತಲೂ ಅನ್ನಲಿಲ್ಲ. ತಿರುವಿನವರೆಗೂ ಮುಂದಿನ ಕಿಟಕಿಯಿಂದ ಒಂದು ಕೈ ಹೊರಗೆ ಬೀಸುತ್ತಲೇ ಇತ್ತು. ತಲೆ ಮಾತ್ರ ಹೊರಗೆ ಬರಲಿಲ್ಲ.

ಎರ್ನಿಸ್ ಎಲುಬು ಚೀಪುತ್ತಾ ಬಂದ. "ಹಾಡೇ ಇಲ್ದೆ ಹೀಗೆ ಅಳಿಸೋದನ್ನ ನಾನು ಇನ್ನೊಂದು ಮನೇಲಿ ಮಾಡೋಕಾಗಲ್ಲ ತಂಗಿ," ಅಂದ. ಬೇಸರದಲ್ಲೇ ಹೇಳಿದ.

ಸೆಪ್ಟೆಂಬರ್ 29

ಹಾಲು ಕರೆದದ್ದು ತಡವಾಯಿತು, ಲಾರಿ ಇವತ್ತು ಸರಿಯಾದ ಹೊತ್ತಿಗೆ ಬಂದು ಹೋಗಿತ್ತು. ಹಾಲಿಗೆ ಹೆಪ್ಪು ಹಾಕಬೇಕು.

ಅಕ್ಕನ ಫೋನು ಬಂತು. ತಲಾಸ್ ತಲುಪಿದ್ದಾರೆ. ಅಮ್ಮನ ಮೊದಲ ಪ್ರಶ್ನೆ, ಘಾಟಿಯಲ್ಲಿ ವಾಂತಿ ಆಯಿತಾ. ಆಯಿತಂತೆ, ತಿಲೆಕ್‌ಗೆ. ಅವನಿಗೂ ಹಿಂದಿನ ಸೀಟು ಆಗಿಬರುವುದಿಲ್ಲ, ಯಾರಿಗೂ ಹೇಳಿರಲಿಲ್ಲ. ಅಮ್ಮ ಎಷ್ಟು ನಕ್ಕಳೆಂದರೆ ಅಪ್ಪ ಹೊರಗಿನಿಂದ ಓಡಿ ಬಂದ.

ಈಗ ಅಮ್ಮ ಫೋನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಹೋಗಿದ್ದಾಳೆ. ಹೂಂ ಅನ್ನುತ್ತಾಳೆ, ಮತ್ತೆ ಹೂಂ. ಬಸ್ಸಿಗೆ ಕಾಯ್ತಾ ನಿಂತಿದ್ದೆ, ಅಂದಳು. ಅವತ್ತು ಏನಾಯಿತು ಅಂತ ಅಕ್ಕ ಕೇಳಿರಬೇಕು. ಅಪ್ಪ ಎದ್ದು ಹೋಗಲಿಲ್ಲ, ಬಾಗಿಲ ಹತ್ತಿರವೇ ಕೂತಿದ್ದಾನೆ, ಕೇಳುತ್ತಾ. ಅಮ್ಮ ನಿಧಾನಕ್ಕೆ ಶುರುವಿನಿಂದ ಹೇಳುತ್ತಿದ್ದಾಳೆ, ಅವತ್ತು ಯಾವ ಸ್ಕಾರ್ಫ್ ಕಟ್ಟಿಕೊಂಡಿದ್ದಳು, ಬಸ್ಸು ಎಷ್ಟು ತಡ, ಕೈಚೀಲದಲ್ಲಿ ಏನಿತ್ತು.