ಎಡಬದಿಯ ಬೇರಿಂಗ್

ಅಪ್ಪಾ,

ನಮ್ಮ ಹಳೆಯ ಗಿರಾಕಿ ಇಸೊಗಾಯ್ ಅವರ ಬೈಕಿನ ಇಂಜಿನ್ನನ್ನು ಇವತ್ತು ಬಿಚ್ಚಿದೆ. ಆರು ವರ್ಷಗಳ ಹಿಂದೆ ನಾವಿಬ್ಬರೂ ಸೇರಿ ಜೋಡಿಸಿದ್ದು, ಹತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಜಾಮ್ ಆಗಿ ನಿಂತದ್ದು, ಅದೇ. ಅವರು ಸಿಟ್ಟಿನಲ್ಲಿ ತಳ್ಳಿಕೊಂಡು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ; ಮೊನ್ನೆ ಅವರೇ ಮತ್ತೆ ತಂದು ಬಿಟ್ಟುಹೋದರು.

ಬಲಬದಿಯ ಬೇರಿಂಗ್ ನೀವು ಕೂರಿಸಿದ ಹಾಗೆಯೇ ಇತ್ತು. ಎಡಬದಿಯದರ ತೂತು ಮಾತ್ರ, ಅದನ್ನು ಅಲುಗದಂತೆ ಹಿಡಿಯುವ ಪಿನ್ನಿಗೆ ಕೂರದೆ, ಕೊಂಚ ತಿರುಗಿತ್ತು. ಪಿನ್ನು ಜಜ್ಜಿಹೋಗಿ, ಆಯಿಲ್ ಬರುವ ದಾರಿ ಮುಚ್ಚಿತ್ತು. ಅದನ್ನು ಕೂರಿಸಿದವಳು ನಾನು.

ಬೈಕ್ ನಿಂತ ಅವತ್ತು ಇಸೊಗಾಯ್ ಅವರು, "ಕಣ್ಣು ಕಾಣದಿದ್ರೆ ಹಮಾನಾ ಸರೋವರಕ್ಕೆ ಹೋಗಿ ಗಾಳ ಹಾಕ್ಕೊಂಡು ಕೂತ್ಕೊಳ್ಳಿ, ಮೇಸ್ತ್ರೀ" ಎಂದಾಗ ನೀವು ಸೊಂಟದವರೆಗೆ ಬಾಗಿ ಕ್ಷಮೆ ಕೇಳಿದಿರಿ. ಮರುದಿನ ನಿಮ್ಮ ಸ್ಪ್ಯಾನರುಗಳನ್ನು ಒರೆಸಿ ಒಳಗಿಟ್ಟವಳೂ ನಾನೇ. ನೀವು ಮತ್ತೆ ಗ್ಯಾರೇಜಿಗೆ ಬರಲಿಲ್ಲ.

ಇವತ್ತು ಮಧ್ಯಾಹ್ನ ಇಸೊಗಾಯ್ ಅವರು ಬಂದರು. "ಸಿಕ್ತೇನಮ್ಮಾ, ನಿಮ್ಮಪ್ಪನ ತಪ್ಪು?"

"ಅಪ್ಪಂದಲ್ಲ, ನಂದು."

"ಬಿಡಮ್ಮಾ, ತೀರಿಹೋದವರ ಮಾನ ಕಾಯೋ ಮಗಳು ನೀನು," ಎಂದು ನಕ್ಕರು. ಬೇರಿಂಗ್ ಕೈಗಿತ್ತು ತೋರಿಸಿದರೂ ನಂಬಲಿಲ್ಲ.

ಯಾವ ಬದಿ ಯಾರು ಕೂರಿಸಿದ್ದೆಂದು ಬಲ್ಲವರು ನಾವಿಬ್ಬರೇ. ಅವತ್ತು ಬಾಗುವಾಗಲೇ ನಿಮಗೆ ಗೊತ್ತಿತ್ತೇ, ಅಪ್ಪಾ?