ಗಾಳಿ ಬಾರದ ಕಾರು

ಬಬ್ಬೂರು,
೮ ಜನವರಿ ೨೦೨೫

ತಿಪ್ಪೇಶ್ ಅವರಿಗೆ ನಿಮ್ಮ ಹೆಂಡತಿ ಚೈತ್ರಾ ಮಾಡುವ ನಮಸ್ಕಾರಗಳು.

ನಿಮ್ಮ ಸೊಂಟನೋವು ಹೇಗಿದೆ? ಗುಜರಾತಿನಲ್ಲಿ ಇಲ್ಲಿಗಿಂತ ಚಳಿ ಹೆಚ್ಚಂತೆ, ಗಾಳಿಯಂತ್ರದ ಕಂಬ ಹತ್ತುವಾಗ ಸ್ವೆಟರ್ ಹಾಕಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ನಿಮ್ಮ ತಾಯಿಯ ಹಣೆಯ ಗಾಯ ಮಾಯ್ದಿದೆ. ಯಾವ ಗಾಯ ಎಂದು ಕೇಳುತ್ತೀರಿ. ಅದನ್ನು ಹೇಳುವ ಮೊದಲೇ ನೀವು ಫೋನ್ ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನನ್ನ ಮಾತು ಪೂರ್ತಿಯಾಗುತ್ತದೆ.

ನಮ್ಮ ಹಳೇ ಕಾರಿನಲ್ಲಿ ಹೀಟರ್ ಹಾಕಿದರೆ ಸದ್ದು ಮಾತ್ರ ಬರುತ್ತದೆ, ಗಾಳಿ ಬರುವುದಿಲ್ಲ ಎಂದು ಹೋದ ಚಳಿಗಾಲದಿಂದ ಹೇಳುತ್ತಲೇ ಇದ್ದೆ. "ಹಿರಿಯೂರ್ನಾಗೆ ಹೀಟರ್ ಯಾರಿಗೆ ಬೇಕು? ಗ್ಲಾಸ್ ಏರ್ಸ್ಕಂಡು ಕುಂತ್ಕ" ಎಂದು ನಕ್ಕಿರಿ. ಅಷ್ಟು ದೊಡ್ಡ ರೆಕ್ಕೆಗಳನ್ನು ತಿರುಗಿಸುವವರಿಗೆ ಅಂಗೈಯಗಲದ ಫ್ಯಾನು ಯಾವ ಲೆಕ್ಕ, ಬಿಡಿ. ಆದರೆ ಅತ್ತೆಗೆ ಉಬ್ಬಸ. ಚಳಿ ತಾಗಿದರೆ ಎದೆ ಕಟ್ಟುತ್ತದೆ. ಅದು ನಿಮಗೆ ಗೊತ್ತಿಲ್ಲದ್ದಲ್ಲ.

ಹೋದ ತಿಂಗಳು ಒಂದು ಬೆಳಗ್ಗೆ ಅವರಿಗೆ ಉಸಿರು ಸಿಗದೆ ಕಾರಿನಲ್ಲಿ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟೆ. ಐಮಂಗಲ ದಾಟುವಷ್ಟರಲ್ಲಿ ಮಂಜು. ಒಳಗೆ ನಮ್ಮಿಬ್ಬರ ಉಸಿರಿಗೆ ಮುಂದಿನ ಗಾಜು ಪೂರಾ ಬೆಳ್ಳಗಾಯಿತು. ಹೀಟರಿನ ಗಾಳಿ ಬಂದಿದ್ದರೆ ಗಾಜು ತಿಳಿಯಾಗುತ್ತಿತ್ತು. ಸೆರಗಿನಿಂದ ಒರೆಸಿದಷ್ಟೂ ಮತ್ತೆ ಮುಸುಕುತ್ತಿತ್ತು. ಹಿಂದಿನಿಂದ ಲಾರಿ ಹಾರನ್ ಹೊಡೆದಾಗ ಹೆದರಿ ಪಕ್ಕಕ್ಕೆ ಎಳೆದೆ. ಚಕ್ರ ಚರಂಡಿಗೆ ಇಳಿಯಿತು, ಅತ್ತೆಯ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ರಕ್ತ ಒತ್ತಿ ಹಿಡಿದುಕೊಂಡೇ ನಿಮಗೆ ಫೋನ್ ಮಾಡಿದೆ. "ಓಡ್ಸಕ್ ಬರ್ದಿದ್ರೆ ಯಾಕೆ ತಗಂಡ್ ಹೋದೆ? ಬಂಪರ್ ಏನಾಗೈತೆ?" ಎಂದಿರಿ. ನಿಮ್ಮ ತಾಯಿ ಪಕ್ಕದಲ್ಲೇ ಇದ್ದರು. ಅವರಿಗೂ ಕೇಳಿಸಿತು.

ದಾರಿಹೋಕರು ಕಾರನ್ನು ಮೇಲೆತ್ತಿಕೊಟ್ಟರು. ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆಯನ್ನೂ ಕರೆದುಕೊಂಡು ಹಿರಿಯೂರಿನ ಮೆಕ್ಯಾನಿಕ್ ತಿಮ್ಮೇಶನ ಹತ್ತಿರ ಹೋದೆ. "ಬಿಸಿ ಐತಕ್ಕ, ದೂಡೋ ಗಾಳಿನೇ ಇಲ್ಲ" ಎಂದು ಎಡಗಡೆ ಸೀಟಿನ ಮುಂದಿರುವ ಡಬ್ಬಿಯನ್ನು ಕಳಚಿದ. ಹಿಂದೆ ಇಲಿಗೂಡು. ಬೇವಿನೆಲೆ, ಬಟ್ಟೆಚೂರು, ಶೇಂಗಾ ಸಿಪ್ಪೆ. ಗಾಳಿ ಸೋಸುವ ಫಿಲ್ಟರ್ ಮಣ್ಣಿನ ಹೆಂಟೆಯಂತಾಗಿತ್ತು. ಅದನ್ನು ಬದಲಾಯಿಸಿ, ಫ್ಯಾನು ಬಿಚ್ಚಿ ಒರೆಸಿ ಹಾಕಿದ. ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಆಗಿತ್ತು. ಇಷ್ಟಕ್ಕೇ ಇಷ್ಟೆಲ್ಲ ಆಯಿತಲ್ಲ ಎಂದು ನನ್ನಷ್ಟಕ್ಕೇ ಗೊಣಗಿದೆ. ಅವನು ತಲೆ ಎತ್ತದೆ ಹೇಳಿದ: "ಹೋದ ದೀಪಾವಳಿಗೆ ಬಂದಾಗ್ಲೇ ಅಣ್ಣಂಗೆ ಹೇಳಿದ್ದೆ ಕಣಕ್ಕ. ಬಿಡೋ ಲೇ, ನಾನೇನ್ ಅದ್ರಾಗೆ ಓಡಾಡ್ತೀನಾ ಅಂದ್ರು."

ನಾನು ಅತ್ತೆಯ ಮುಖ ನೋಡಲಿಲ್ಲ. ಇಷ್ಟು ವರ್ಷ ನಿಮ್ಮ ಮೇಲೆ ನಾನೊಂದು ಮಾತಾಡಿದರೆ ಹತ್ತು ಮಾತಾಡಿ ನಿಮ್ಮನ್ನು ಕಾಯ್ದವರು. ಅವತ್ತು ದಾರಿಯುದ್ದಕ್ಕೂ ಎರಡೂ ಅಂಗೈಗಳನ್ನು ಬಿಸಿಗಾಳಿಗೆ ಒಡ್ಡಿ ಕುಳಿತಿದ್ದರು. ಮನೆ ಹತ್ತಿರ ಬಂದಾಗ, "ಅವ್ನಿಗೆ ಗೊತ್ತಿತ್ತಲ್ಲ ಚೈತ್ರಾ" ಎಂದರು. ಆಮೇಲೆ ನಿಮ್ಮ ಮಾತನ್ನೇ ಎತ್ತಿಲ್ಲ. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಗಾಜು ಈಗ ತಿಳಿಯಾಗಿದೆ. ಬಂಪರಿಗೆ ಸಣ್ಣ ಗೀರು ಬಿದ್ದಿದೆ, ಕೇಳಿದ್ದಿರಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆ ನಮಸ್ಕಾರ ತಿಳಿಸಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಚೈತ್ರಾ

ಅವಸರದಲ್ಲಿ ಬಿಟ್ಟದ್ದು: ಧರ್ಮಪುರದ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದೆ, ಅಲ್ಲೇ ಮನೆ ಮಾಡಿದ್ದೇನೆ. ಇವತ್ತೇ ಹೊರಡುತ್ತಿದ್ದೇನೆ, ತಿರುಗಿ ಬರುವುದಿಲ್ಲ. ಅತ್ತೆಯನ್ನು ನಾನು ಕರೆಯಲಿಲ್ಲ. ನಿನ್ನೆ ಸಂಜೆ ಅವರೇ ತಮ್ಮ ಸೀರೆ ಮಡಚಿ ಗಂಟು ಕಟ್ಟಿಟ್ಟು, "ನಾನೂ ಬರ್ತೀನಿ, ಬ್ಯಾಡ ಅನ್ಬ್ಯಾಡ" ಎಂದರು. ಮನೆಯ ಬೀಗದ ಕೈ ಪಕ್ಕದ ಮನೆಯ ನಾಗರಾಜಪ್ಪನವರ ಹತ್ತಿರ ಇದೆ.