ಪಿಟ್ ಗೋಡೆಯ ಹಳದಿ ರೇನ್‌ಕೋಟ್

ಅಕ್ಟೋಬರ್ 11, ಶುಕ್ರವಾರ, ಮಧ್ಯಾಹ್ನ

ಬೆಳಗಿನಿಂದ ತಮ್ಮನ ರೇಸ್ ಬೈಕಿಗೆ ನಾಲ್ಕು ಸಲ ಚಕ್ರ ಬದಲಾಯಿಸಿದ್ದಾಯಿತು. ಮಳೆ ಬಂತು, ಮಳೆ ಟೈರ್. ನಿಂತಿತು, ಒಣ ಟ್ರ್ಯಾಕಿನ ನುಣುಪು ಟೈರ್. ಬಿಗಿ ಮಾಡುವಷ್ಟರಲ್ಲಿ ಮತ್ತೆ ಹನಿ. ಆಕಾಶಕ್ಕೆ ತಲೆ ಕೆಟ್ಟಿದೆ, ಸೊಂಟ ಮುರಿಯುತ್ತಿರುವುದು ನಮ್ಮದು. ಟೈರಿನವರು, "ಮೇಲಿನವನಿಗೆ ಒಂದು ಫೋನ್ ಮಾಡಮ್ಮ, ಯಾವುದಾದ್ರೂ ಒಂದು ಗಟ್ಟಿ ಮಾಡು ಅಂತ" ಎಂದರು. ನಗಲೂ ಶಕ್ತಿಯಿಲ್ಲ.

ಪ್ರಾಕ್ಟೀಸಿನಲ್ಲಿ ತಮ್ಮನಿಗೆ ಒಂಬತ್ತನೆಯ ಸ್ಥಾನ. ಟೀಮ್ ಮ್ಯಾನೇಜರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅವನಿಗೆ ಹೇಳಿದರು: "ಭಾನುವಾರದ ರೇಸಲ್ಲಿ ಮೊದಲ ಆರರಲ್ಲಿ ಬಂದ್ರೆ ಮುಂದಿನ ವರ್ಷವೂ ನೀನೇ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ."

ತಮ್ಮನಿಗೆ ಮೂವತ್ತೊಂದು. ಈ ಟೀಮ್ ಬಿಟ್ಟರೆ ಕರೆಯುವವರು ಕಡಿಮೆ. ಅವನಿಗೂ ಗೊತ್ತು, ನನಗೂ.

ಅಕ್ಟೋಬರ್ 12, ಶನಿವಾರ, ಸಂಜೆ 5

ನಾಳೆ ನಾಲ್ಕನೆಯ ಸ್ಥಾನದಿಂದ ಶುರು!

ಕ್ವಾಲಿಫೈಯಿಂಗ್ ಹೊತ್ತಿಗೆ ಟ್ರ್ಯಾಕ್ ಒದ್ದೆ. ನಾನು ಟ್ರ್ಯಾಕಿನ ಅಂಚಿನ ಪಿಟ್ ಗೋಡೆಯ ಬಳಿ, ಸವಾರನಿಗೆ ಸೂಚನೆ ತೋರಿಸುವ ಬೋರ್ಡ್ ಹಿಡಿದು ನಿಂತಿದ್ದೆ. ಬಿಸಿಲು ಬಂತು, ಟ್ರ್ಯಾಕ್ ಒಣಗತೊಡಗಿತು. ಸೆಕೆಗೆ ರೇನ್‌ಕೋಟ್ ಕಳಚಿದೆ. ಮ್ಯಾನೇಜರ್ ಇನ್ನೂ ಹವಾಮಾನದ ಪರದೆಯಲ್ಲಿ ಮುಖ ಹುದುಗಿಸಿದ್ದರು. ಅಷ್ಟರಲ್ಲಿ ತಮ್ಮ ತಾನಾಗಿಯೇ ಪಿಟ್ ಒಳಗೆ ಬಂದು, ನುಣುಪು ಟೈರ್ ಹಾಕಿ ಸಿದ್ಧವಿಟ್ಟಿದ್ದ ಎರಡನೇ ಬೈಕ್ ಹತ್ತಿಬಿಟ್ಟ. ಎಲ್ಲರಿಗಿಂತ ಮೊದಲು.

"ನೀನು ರೇನ್‌ಕೋಟ್ ತೆಗೆದಿದ್ದು ನೋಡ್ದೆ ಅಕ್ಕ. ಅವರು ಯೋಚ್ನೆ ಮಾಡಿ ಬೋರ್ಡಲ್ಲಿ ಬರೆಸೋ ಹೊತ್ತಿಗೆ ಸಂಜೆ ಆಗಿರ್ತಿತ್ತು. ನಾಳೆನೂ ನಿನ್ನೇ ನೋಡ್ತೀನಿ."

ಹೆಮ್ಮೆಯಾಯಿತು. ಬರೆದುಕೊಳ್ಳಲು ನಾಚಿಕೆ ಏಕೆ.

ಮೈ ಕೈ ನೋವು. ಜ್ವರ ನೂರಾ ಒಂದು. ಡಾಕ್ಟರಿಗೆ ಹೇಳಿದರೆ ಗೋಡೆಯ ಹತ್ತಿರ ಬಿಡುವುದಿಲ್ಲ. ಎರಡು ಮಾತ್ರೆ ನುಂಗಿದೆ. ಬಾಯಿಗೆ ಬೀಗ.

ಅಕ್ಟೋಬರ್ 13, ಭಾನುವಾರ, ಬೆಳಿಗ್ಗೆ 10

ಜ್ವರ ಇಳಿದಿಲ್ಲ. ಮೋಡ ಕದಲುತ್ತಿಲ್ಲ, ಸುರಿಯುತ್ತಲೂ ಇಲ್ಲ. ಒಣ ಟೈರಿನಲ್ಲೇ ಆರಂಭ. ಮಳೆ ಬಂದರೆ ಯಾವಾಗ ಬೈಕ್ ಬದಲಿಸುವುದೆಂದು ಸವಾರನೇ ತೀರ್ಮಾನಿಸಬೇಕು.

ಭಾನುವಾರ, ಸಂಜೆ

ಹನ್ನೊಂದನೆಯ ಸುತ್ತಿನವರೆಗೆ ಐದನೆಯವನಾಗಿದ್ದ. ಐದನೆಯವನು!

ಗಾಳಿ ಎದ್ದಿತು. ನಾಲ್ಕು ಹನಿ ಬಿದ್ದು ನಿಂತವು. ನನಗೆ ಹಲ್ಲು ಕಟಕಟ. ರೇನ್‌ಕೋಟ್ ಹಾಕಿಕೊಂಡೆ. ಚಳಿಗೆ. ಚಳಿಗೆ ಮಾತ್ರ. ತಮ್ಮ ನನ್ನೆದುರು ಹಾದುಹೋಗುವಾಗ ಹೆಲ್ಮೆಟ್ ಇತ್ತ ತಿರುಗಿದ್ದು ಕಂಡಿತು. ಆಗಲೂ ಹೊಳೆಯಲಿಲ್ಲ. ಮುಂದಿನ ಸುತ್ತಿಗೆ ಅವನೊಬ್ಬನೇ ಒಳಗೆ ಬಂದ. ಆಗ ಹೊಳೆಯಿತು, ಅವನು ನೋಡಿದ್ದು ನನ್ನ ರೇನ್‌ಕೋಟ್. ಕೂಗುವಷ್ಟರಲ್ಲಿ ಮಳೆ ಟೈರಿನ ಬೈಕ್ ಹತ್ತಿ ಹೋಗಿಯಾಗಿತ್ತು.

ಮತ್ತೆ ಹನಿ ಬೀಳಲಿಲ್ಲ. ಒಣ ಟ್ರ್ಯಾಕಿನಲ್ಲಿ ಮಳೆ ಟೈರ್ ಚಿಂದಿಯಾಯಿತು. ಹದಿನಾಲ್ಕನೆಯ ಸ್ಥಾನ.

"ಯಾರು ಕರೆದಿದ್ದು ಇವನನ್ನ?" ಮ್ಯಾನೇಜರ್ ಗ್ಯಾರೇಜಿನಲ್ಲಿ ಎಲ್ಲರ ಎದುರು ಕೇಳಿದರು.

"ಯಾರೂ ಇಲ್ಲ ಸಾರ್. ಹನಿ ಬಿತ್ತು, ಹೆದರ್ಕೊಂಡೆ."

ಹಾಗೆಂದ ತಮ್ಮ ನನ್ನ ಕಡೆ ನೋಡಲೇ ಇಲ್ಲ. ನಾನು ತಲೆ ತಗ್ಗಿಸಿ ಚಿಂದಿಯಾದ ಟೈರ್ ಬಿಚ್ಚಲು ಕೂತೆ. ಥೂ.

ವ್ಯಾನಿನಲ್ಲಿ ತಮ್ಮನಿಗೆ ಜ್ವರದ ವಿಷಯ, ಚಳಿಗೆ ರೇನ್‌ಕೋಟ್ ಹಾಕಿಕೊಂಡದ್ದು, ಎಲ್ಲ ಹೇಳಿದೆ. ಹಣೆ ಮುಟ್ಟಿ ನೋಡಿದ. ಬೈಯುತ್ತಾನೆಂದು ಕಾದೆ.

"ಮೊದ್ಲು ಮಲ್ಕೊ. ಇದನ್ನ ಯಾರ ಹತ್ರನೂ ಹೇಳ್ಬೇಡ. ಇಬ್ರೂ ಕೆಲ್ಸ ಕಳ್ಕೊಂಡು ಹೋದ್ರೆ ಅಮ್ಮ ಇಬ್ಬರಿಗೂ ಸೇರಿಸಿ ಬೈತಾಳೆ. ಒಬ್ಬನಿಗೇ ಆದ್ರೆ ಬೇಗ ಮುಗಿಯುತ್ತೆ."

ಅಕ್ಟೋಬರ್ 17, ಗುರುವಾರ, ಬೆಳಿಗ್ಗೆ 11

ಮೂರು ದಿನ ಹಾಸಿಗೆ. ಇವತ್ತು ವರ್ಕ್‌ಶಾಪಿಗೆ ತಮ್ಮನೇ ಕರೆತಂದ. ಅವನು ಲಾಕರ್ ಖಾಲಿ ಮಾಡುತ್ತಿದ್ದಾನೆ. ನಾನು ಮ್ಯಾನೇಜರ್ ಕೋಣೆಯ ಹೊರಗಿನ ಬೆಂಚಿನ ಮೇಲೆ. ಮುಂದಿನ ವರ್ಷಕ್ಕೆ ನಾನು ಮುಖ್ಯ ಮೆಕ್ಯಾನಿಕ್ ಅಂತೆ. ಸಹಿಯೊಂದು ಬಾಕಿ.

ಟೈರಿನವರು ಪಕ್ಕದಲ್ಲಿ ಕೂತು ಹೇಳಿದರು. ಬೇರೆ ಎರಡು ಟೀಮಿನವರು ತಮ್ಮನ ಬಗ್ಗೆ ವಿಚಾರಿಸಿದ್ದರಂತೆ. ಮ್ಯಾನೇಜರ್ ಕೊಟ್ಟ ಉತ್ತರ: "ಕೈ ಚೆನ್ನಾಗಿದೆ, ಆದ್ರೆ ನಾಲ್ಕು ಹನಿಗೆ ಹೆದರ್ತಾನೆ."

ಹೆದರುವುದು! ಕಾಲರ್ ಬೋನ್ ಮುರಿದ ಹತ್ತನೇ ದಿನ ಬೈಕ್ ಹತ್ತಿದವನು. ಹೆದರಿಕೊಂಡು ಬಾಯಿ ಮುಚ್ಚಿಕೊಂಡದ್ದು ನಾನು.

ಲಾಕರ್ ಬಾಗಿಲು ಮುಚ್ಚಿದ ಸದ್ದು. ಬ್ಯಾಗ್ ಹೆಗಲಿಗೇರಿಸಿ ಇತ್ತಲೇ ಬರುತ್ತಿದ್ದಾನೆ. ಹೇಳಿಬಿಡುತ್ತೇನೆಂದು ನನ್ನ ಮುಖ ನೋಡಿ ಗೊತ್ತಾಗಿರಬೇಕು. ಬೇಡ ಎಂದು ತಲೆಯಾಡಿಸುತ್ತಿದ್ದಾನೆ.

ಮ್ಯಾನೇಜರ್ ಕರೆದರು. ಪೆನ್ ಇದ್ದರೆ ತನ್ನಿ ಎನ್ನುತ್ತಿದ್ದಾರೆ. ಇರುವುದು ಬರೆಯುತ್ತಿರುವ ಇದೊಂದೇ. ಕೊಡುತ್ತೇನೆ. ಅದಕ್ಕೆ ಮೊದಲು ಹೇಳಿಬಿಡುತ್ತೇನೆ: ಸಾರ್, ಅವತ್ತು ಅವನನ್ನು ಒಳಗೆ ಕರೆದದ್ದು